ಭಾಷೆ ಬರಲ್ಲ, ಮತ್ತೆ ಏನು ಕೇಳ್ತೀರಿ?

ಮನೆಗೆ ಬಂದವರು ನನ್ನ ಸ್ಪೀಕರಿಗೆ ಎರಡು ನಿಮಿಷ ಕಿವಿ ಕೊಡುತ್ತಾರೆ. ಆಮೇಲೆ ಶುರು. "ಇದು ಯಾವ ಭಾಷೆ?" ನಾರ್ವೇಜಿಯನ್. "ನಿಮಗೆ ಬರುತ್ತಾ?" ಇಲ್ಲ. "ಮತ್ತೆ ಏನು ಕೇಳ್ತೀರಿ?"

ಮೆಲೊಟ್ರಾನ್ ಕೇಳ್ತೀನಿ. ಇಷ್ಟೇ ಉತ್ತರ. ಆದರೆ ಇಷ್ಟಕ್ಕೇ ಯಾರೂ ಬಿಡುವುದಿಲ್ಲ ಅಲ್ವಾ?

ನೋಡುವುದಕ್ಕೆ ಅದು ಪುಟ್ಟ ಆರ್ಗನ್ ಥರ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ವಾದ್ಯ. ಒಳಗಿರುವುದೆಲ್ಲ ಟೇಪು. ಎಂ400 ಅನ್ನುವ ಮಾದರಿಯಲ್ಲಿ 35 ಕೀಗಳು, ಒಂದೊಂದಕ್ಕೂ ಒಂದೊಂದು ತುಂಡು ಟೇಪು. ಅದರಲ್ಲಿ ನಿಜವಾದ ವಯಲಿನ್‌ಗಳದ್ದೋ ಕೋರಸ್ಸಿನದ್ದೋ ಒಂದು ಸ್ವರ ರೆಕಾರ್ಡ್ ಆಗಿರುತ್ತದೆ. ಕೀ ಒತ್ತಿದರೆ ಟೇಪು ಓಡುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಮುಗಿಯುತ್ತದೆ, ಸ್ವರವೂ ಅಲ್ಲಿಗೇ ನಿಲ್ಲುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆದು ಮೊದಲಿನ ಜಾಗಕ್ಕೆ ತರುತ್ತದೆ. ಟೇಪಿನ ಓಟ ಚೂರು ಏರುಪೇರಾದರೂ ಶ್ರುತಿ ಅಲುಗುತ್ತದೆ. ತಂಬೂರಿಯ ಜೊತೆ ಬೆಳೆದ ಕಿವಿಗೆ ಇದು ಹಿಂಸೆಯೇ. ನನಗೆ ಮಾತ್ರ ಕತ್ತಲು ಕೇಳಿಸುವುದು ಆ ಅಲುಗಾಟದಲ್ಲೇ. ಯಾವತ್ತೋ ಹಾಡಿ ಎದ್ದುಹೋದವರ ದನಿ ಗೋಡೆಯ ಆಚೆಯಿಂದ ಬಂದ ಹಾಗೆ.

ಎಂಬತ್ತರ ದಶಕದಲ್ಲಿ ಡಿಜಿಟಲ್ ಕೀಬೋರ್ಡ್‌ಗಳು ಬಂದು ಇದು ಮೂಲೆ ಸೇರಿತು. ಧೂಳು ಕೊಡವಿ ಎತ್ತಿದವರಲ್ಲಿ ಸ್ವೀಡನ್ನಿನ ಪ್ರೋಗ್ರೆಸಿವ್ ರಾಕ್ ತಂಡಗಳು ಮುಂದೆ. ಎಂಗ್ಲಗೋರ್ಡ್ ತಂಡದ 'ಹೂಬ್ರಿಸ್' ಆಲ್ಬಂ 1992ರಲ್ಲಿ, ಅನೆಕ್ಡೋಟೆನ್ ತಂಡದ 'ವೇಮೂದ್' ಆಲ್ಬಂ 1993ರಲ್ಲಿ ಬಂದವು. ವೇಮೂದ್ ಅಂದರೆ ವಿಷಾದ. ಹೆಸರು ಕೇಳಿದರೇ ಬಣ್ಣ ಗೊತ್ತಾಗುತ್ತದೆ.

ನಾನು ಹಾಕಿರುವುದು ಅದೇ ದಾರಿಯ ನಾರ್ವೆಯ ಆಲ್ಬಂ. ಲಾರ್ಸ್ ಫ್ರೆಡ್ರಿಕ್ ಫ್ರೋಯ್ಸ್ಲಿಯ 'ಫೀರೆ ಫೋರ್ಟೆಲ್ಲಿಂಗರ್', 2023ರದು. ಹೆಸರಿನ ಅರ್ಥ ನಾಲ್ಕು ಕತೆಗಳು. ಇರುವುದೂ ನಾಲ್ಕೇ ಹಾಡು. ಫ್ರೋಯ್ಸ್ಲಿ ವಾಬ್ಲರ್ ತಂಡದ ಕೀಬೋರ್ಡ್ ವಾದಕ. ಇಲ್ಲಿ ಡ್ರಮ್ಸೂ ಅವನದೇ, ಹಾಡಿದ್ದೂ ಅವನೇ. ಬೇಸ್ ಗಿಟಾರ್‌ಗೆ ಮಾತ್ರ ನಿಕೊಲಾಯ್ ಹೆಂಗ್ಸ್ಲೆಯನ್ನು ಕರೆದಿದ್ದಾನೆ.

ಕೀಬೋರ್ಡ್ ವಾದಕನ ಸೋಲೋ ಆಲ್ಬಂ ಅಂದರೆ ನನಗೆ ಸ್ವಲ್ಪ ಭಯ. ಬೆರಳಿನ ಸರ್ಕಸ್ಸೇ ಜಾಸ್ತಿ ಇರುತ್ತದೆ. ಇಲ್ಲೂ ಹ್ಯಾಮಂಡ್ ಆರ್ಗನ್ ಓಡುತ್ತದೆ, ಮಿನಿಮೂಗ್ ಅನ್ನುವ ಸಿಂಥಸೈಜರ್ ಕುಣಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಓಟ ನಿಂತ ಕೂಡಲೇ ಮೆಲೊಟ್ರಾನ್ ಮಂಜಿನ ಹಾಗೆ ಇಳಿಯುತ್ತದೆ, ಹಾಡು ಬೇರೆಯೇ ಊರಿಗೆ ಹೋಗಿಬಿಡುತ್ತದೆ. ಅವನ ದನಿ ದೊಡ್ಡದೇನಲ್ಲ. ಅಡುಗೆಮನೆಯಲ್ಲಿ ಗುನುಗುವವರ ದನಿ. ಪಳಗಿದ ಗಾಯಕರಿದ್ದಿದ್ದರೆ ಚೆನ್ನಾಗಿತ್ತು ಅಂತ ಮೊದಲ ಸಲ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಮೊದಲ ಹಾಡು 'ರಿಟ್ಟರ್ ಆವ್ ಡೊಮ್ಮೆಡಾಗ್', ಅಂದರೆ ಪ್ರಳಯದ ದಿನದ ಸವಾರ. ಇಷ್ಟು ಗೊತ್ತಾದರೆ ನನಗೆ ಸಾಕು. ಉಳಿದ ಸಾಲುಗಳ ಅರ್ಥ ಹುಡುಕಲು ಹೋಗಿಲ್ಲ. ಸೋಮಾರಿತನ ಅನ್ನಿ, ಪರವಾಗಿಲ್ಲ.

ಇಷ್ಟು ಹೇಳಿದ ಮೇಲೂ ತಲೆ ಅಲ್ಲಾಡಿಸುವವರಿಗೆ ಒಂದು ಕೆಲಸ ಕೊಡುತ್ತೇನೆ. ಮೆಲೊಟ್ರಾನ್‌ನ ಕೋರಸ್ ದನಿ ಬಂದಾಗ ಒಂದು ಸ್ವರ ಹಿಡಿದುಕೊಂಡು ಮನಸ್ಸಿನಲ್ಲೇ ಎಣಿಸಿ. ಎಂಟಕ್ಕೆ ಮುಂಚೆ ಬೆರಳು ಏಳಲೇಬೇಕು. ಮೊನ್ನೆ ನಮ್ಮ ಅತ್ತಿಗೆ ಏಳಕ್ಕೆ ನಿಲ್ಲಿಸಿ, "ಇನ್ನೊಂದ್ಸಲ ಹಾಕು" ಅಂದರು.