ಸುಂಟಿಕೊಪ್ಪದ ಬಂಗಲೆಯಲ್ಲೊಂದು ಪಿನ್‌ಬಾಲ್

2025 ಜನವರಿ 12, ಭಾನುವಾರ

ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಬಂಗಲೆಯಲ್ಲಿರುವ ಪಿನ್‌ಬಾಲ್ ಮೆಷಿನನ್ನು ಇವತ್ತು ಬಿಚ್ಚಿ ನೋಡಿದೆ. ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಓಡಿಸಿ ಸ್ಕೋರ್ ಮಾಡುವ ಆಟ. ಶಿಕಾಗೋದ ಗಾಟ್ಲೀಬ್ ಕಂಪನಿಯದು, ಒಬ್ಬರೇ ಆಡುವಂಥದ್ದು. ಒಳಗೆ ಒಂದು ಚಿಪ್ಪೂ ಇಲ್ಲ. ಬರೀ ರಿಲೇ (ಕರೆಂಟಿನಿಂದ ತಾನೇ ಎಳೆಯುವ ಸ್ವಿಚ್), ಕಾಯಿಲ್ (ತಂತಿ ಸುತ್ತಿದ ಸುರುಳಿ), ಮೋಟರ್, ತಂತಿ. ಗುಂಡು ಹಲಗೆಯ ಮೇಲೆ ನಿಂತಿರುವ ಬಂಪರ್ ಎಂಬ ಗುಬುಟಿಗೆ ಬಡಿದರೆ ಸ್ವಿಚ್ಚಿನ ಎರಡು ಪಟ್ಟಿ ಕೂಡುತ್ತವೆ, ರಿಲೇ ಎಳೆಯುತ್ತದೆ, ಸ್ಕೋರಿನ ಚಕ್ರ ಒಂದು ಅಂಕಿ ಮುಂದೆ ಹೋಗುತ್ತದೆ. ಕೆಟ್ಟರೆ ಕೆಲಸ ಎಲ್ಲಿ ನಿಂತಿದೆ ಅಂತ ಕಣ್ಣಲ್ಲೇ ಹುಡುಕಬಹುದು. ಚಿಪ್ ಬರುವ ಮುಂಚಿನ ಕಾಲದ ಮೆಷಿನ್‌ಗಳ ಮೇಲೆ ನನಗೆ ಪ್ರೀತಿ ಜಾಸ್ತಿ ಇರುವುದು ಇದಕ್ಕೇ.

ನಾನು ಹೋದಾಗ ಯಜಮಾನರು ಪ್ಲಗ್ ಹಿಡಿದುಕೊಂಡೇ ನಿಂತಿದ್ದರು. “ಒಂದ್ಸಲ ಹಾಕಿ ನೋಡೋಣ್ವಾ?” ಅಂದರು. “ಬೇಡ ಅಂಕಲ್, ಮೊದಲು ಒಳಗೆ ನೋಡಿಬಿಡೋಣ” ಅಂದೆ. ನೋಡಿದ್ದು ಒಳ್ಳೆಯದೇ ಆಯಿತು. ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾವ ಕಾಲದಲ್ಲೋ ಯಾರೋ ದಪ್ಪ ತಂತಿ ಸುತ್ತಿದ್ದಾರೆ. ಮೆಷಿನ್ ಅಮೆರಿಕದ 115 ವೋಲ್ಟಿನದು, ನಮ್ಮ ಮನೆಗಳಲ್ಲಿ ಬರುವುದು 230. ನಡುವೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇದೆ, ಆದರೆ ಅದರ ವೈರಿನ ಮೇಲಿನ ಹೊದಿಕೆಯನ್ನು ಇಲಿ ಕಡಿದಿದೆ. ಹಳೇ ಮೆಷಿನ್ ಸಿಕ್ಕವರು ದಯವಿಟ್ಟು ಮೊದಲು ಕರೆಂಟ್ ಕೊಡಬೇಡಿ.

ಆಟದ ಹಲಗೆ ನೋಡಿ ನಿಜಕ್ಕೂ ಖುಷಿಯಾಯಿತು. ಅಂಗಡಿಗಳಲ್ಲಿ ದುಡಿದ ಮೆಷಿನ್ ಆದರೆ ಬಂಪರ್ ಸುತ್ತ ಬಣ್ಣ ಹೋಗಿ ಮರ ಕಾಣುತ್ತದೆ. ಫ್ಲಿಪ್ಪರ್ (ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಪುಟ್ಟ ಕೈ) ಎತ್ತುವ ಬಟನ್ ಪಕ್ಕದಲ್ಲಿ ಪೆಟ್ಟಿಗೆಯ ಬಣ್ಣವೂ ಕೈ ತಾಗಿ ತಾಗಿ ಸವೆದಿರುತ್ತದೆ. ಇಲ್ಲಿ ಅದೆಲ್ಲ ತೀರ ಕಡಿಮೆ. ಮನೆಯವರು, ಬಂದ ನೆಂಟರು ಆಡಿದ್ದಷ್ಟೇ. ಇದನ್ನು ಹಾಳು ಮಾಡಿದ್ದು ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಪ್ಲೈವುಡ್ ಪೆಟ್ಟಿಗೆ ಉಳಿಯುತ್ತಾ? ತಳದ ಪದರ ಬಿಟ್ಟುಕೊಂಡಿದೆ. ರಬ್ಬರ್ ರಿಂಗ್‌ಗಳು ಮುಟ್ಟಿದರೆ ಪುಡಿ. 27 ಮಿಲಿಮೀಟರಿನ ಉಕ್ಕಿನ ಗುಂಡಿಗೆ ತುಕ್ಕು ಹಿಡಿದು ಗುಳಿ ಬಿದ್ದಿದೆ. ಅದರಲ್ಲೇ ಆಡಿದರೆ ಹಲಗೆಯ ಮೇಲೆ ಉಪ್ಪುಕಾಗದ ತಿಕ್ಕಿದ ಹಾಗೆ. ಅದನ್ನು ಅಲ್ಲೇ ತೆಗೆದಿಟ್ಟೆ. ಹೊಸದು ಬರಬೇಕು.

ಜಾಸ್ತಿ ಹೊತ್ತು ಕೂತಿದ್ದು ಹಿಂಬದಿಯ ಚಿತ್ರದ ಗಾಜಿನ ಮುಂದೆ. ಅದರ ಬಣ್ಣ ಇರುವುದು ಗಾಜಿನ ಒಳಮೈಯಲ್ಲಿ. ತೇವಕ್ಕೂ ಬಲ್ಬಿನ ಕಾವಿಗೂ ಅದು ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಕೆಲಸದ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಬಟ್ಟೆ ತಂದ. ಒರೆಸಲು ಬಿಡಲಿಲ್ಲ. ಒಳಗಡೆ ಒಣ ಬಟ್ಟೆ ಸೋಕಿದರೂ ಚಿತ್ರ ಬಟ್ಟೆಗೇ ಬಂದುಬಿಡುತ್ತದೆ. ಉದುರಿದ ಕಡೆ ಹೊಸ ಬಣ್ಣ ತುಂಬಿಸೋಣ ಅಂತ ಯಜಮಾನರಿಗೆ ಆಸೆ. ನನಗೆ ಒಪ್ಪಿಗೆಯಿಲ್ಲ. ಆ ಕಾಲದವರು ಅಚ್ಚು ಹಾಕಿದ ಬಣ್ಣ ಎಷ್ಟು ಉಳಿದಿದೆಯೋ ಅಷ್ಟನ್ನು ಉಳಿಸಬೇಕು. ಹಿಂದಿನಿಂದ ಪಾರದರ್ಶಕ ಲೇಪ ಸ್ಪ್ರೇ ಮಾಡಿ ಚಕ್ಕೆಗಳನ್ನು ಹಿಡಿದು ನಿಲ್ಲಿಸುತ್ತೇನೆ. 44 ನಂಬರಿನ ಬಲ್ಬ್ ತೆಗೆದು 47 ಹಾಕುತ್ತೇನೆ. ಎರಡೂ 6.3 ವೋಲ್ಟಿನವೇ, ಆದರೆ 44 ಎಳೆಯುವುದು 250 ಮಿಲಿಆಂಪ್, 47 ಎಳೆಯುವುದು 150. ಬೆಳಕು ಸ್ವಲ್ಪ ಕಮ್ಮಿ, ಕಾವೂ ಕಮ್ಮಿ.

ಸ್ವಿಚ್ಚುಗಳ ತುದಿ ಕಪ್ಪಾಗಿದೆ. ಸಣ್ಣ ಅರದಿಂದ ಮೆಲ್ಲಗೆ ಎಳೆದರೆ ಸಾಕು. ಎಣ್ಣೆ ಸ್ಪ್ರೇ ಮಾತ್ರ ಎಲ್ಲೂ ಹೊಡೆಯಬಾರದು. ಧೂಳು ಕೂತು ಅಂಟಾಗುತ್ತದೆ, ಕಿಡಿ ಹಾರುವ ಜಾಗದಲ್ಲಿ ಅಪಾಯ ಕೂಡ.

ಎಡಗಡೆ ಫ್ಲಿಪ್ಪರಿನ ಕಾಯಿಲ್ ಸುಟ್ಟಿದೆ. ಅದಕ್ಕೆ ಎರಡು ವೈಂಡಿಂಗ್. ಒಂದು ಜೋರಾಗಿ ಎತ್ತಲು, ಇನ್ನೊಂದು ಎತ್ತಿದ್ದನ್ನು ಹಿಡಿದಿರಲು. ಪೂರ್ತಿ ಎದ್ದ ಕೂಡಲೇ ಒಂದು ಸಣ್ಣ ಸ್ವಿಚ್ ಬಿಚ್ಚಿಕೊಂಡು ಕರೆಂಟನ್ನು ತಗ್ಗಿಸಬೇಕು. ಆ ಸ್ವಿಚ್ ಬಾಗಿ ಅಂಟಿಕೊಂಡಿತ್ತು, ಕಾಯಿಲ್ ಕಾದು ಹೋಯಿತು. ಮೊದಲು ಸ್ವಿಚ್ ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದೂ ಉಳಿಯಲ್ಲ. ಕುಶಾಲನಗರದಲ್ಲಿ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವರಿದ್ದಾರೆ. ಬಲಗಡೆಯದನ್ನು ಮಾದರಿಗೆ ಕೊಟ್ಟು ಸುತ್ತಿಸಬೇಕು.

ಅಂದ ಹಾಗೆ, ಈ ಫ್ಲಿಪ್ಪರ್ ಬಂದದ್ದೇ 1947ರಲ್ಲಿ, ಇದೇ ಕಂಪನಿಯ ‘ಹಂಪ್ಟಿ ಡಂಪ್ಟಿ’ ಮೆಷಿನ್ನಿನಲ್ಲಿ. ಅದಕ್ಕೆ ಮುಂಚೆ ಗುಂಡು ಬಿಟ್ಟಮೇಲೆ ಮೆಷಿನನ್ನೇ ತಳ್ಳಿ ಅಲುಗಾಡಿಸುವುದೊಂದೇ ಆಟಗಾರನ ಕೈಲಿದ್ದದ್ದು. ಜೂಜು ಅಂತ ನ್ಯೂಯಾರ್ಕಿನಲ್ಲಿ 1942ರಿಂದ 1976ರವರೆಗೆ ಪಿನ್‌ಬಾಲ್ ನಿಷೇಧವೇ ಇತ್ತು. ಯಜಮಾನರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು!

ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿದೆ, ಹವೆ ಒಣಗಿದೆ. ಕಾಫಿ ಹೂ ಅರಳಿಸುವ ಹೂಮಳೆ ಬರುವುದರೊಳಗೆ ಪೆಟ್ಟಿಗೆಯ ತಳ ಅಂಟಿಸಿ ಒಣಗಿಸಿಬಿಡಬೇಕು. ಮಳೆಗಾಲಕ್ಕೆ ಬೀರುವಿನಲ್ಲಿ ಉರಿಸುವ ಹಾಗೆ ಪೆಟ್ಟಿಗೆಯ ತಳದಲ್ಲೂ ಒಂದು ಸಣ್ಣ ಬಲ್ಬ್ ಇಡಿ, ಚಿತ್ರದ ಗಾಜಿನಿಂದ ಮಾತ್ರ ದೂರ ಇರಲಿ ಅಂತ ಹೇಳಿ ಬಂದೆ. ಒಪ್ಪಿದ್ದಾರೆ. ನಾಳೆ ರಬ್ಬರ್ ರಿಂಗ್‌ಗಳ ಅಳತೆ ಪಟ್ಟಿ ಮಾಡಿ ಆರ್ಡರ್ ಹಾಕಬೇಕು.