ಕಡತದಲ್ಲಿ ಬರೆದದ್ದು, ಸರ್ವರ್ ಪಾಲಿಸಿದ್ದು

ನಮ್ಮ ತಂಡ ಹೊಸದಾಗಿ ಸಿದ್ಧಪಡಿಸುವ ಪ್ರತಿಯೊಂದು ಉಬುಂಟು 22.04 ಸರ್ವರಿಗೂ ದೂರದಿಂದ ಲಾಗಿನ್ ಆಗುವ ಡೀಫಾಲ್ಟ್ ನಿಯಮಗಳು ಹೇಗಿರಬೇಕೆಂದು ತೀರ್ಮಾನಿಸುವ ಕೆಲಸ ಒಂದು ಶುಕ್ರವಾರ ನನ್ನ ಪಾಲಿಗೆ ಬಂತು. ಅರ್ಧ ದಿನದಲ್ಲಿ ಮುಗಿಯುತ್ತದೆಂದು ಭಾವಿಸಿದ್ದೆ.

ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಖಾತೆಯ ಬಗ್ಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಬರುವುದನ್ನು ಎಸ್‌ಎಸ್‌ಎಚ್ ವಿಧಾನದಲ್ಲಿ ದೂರದಿಂದ ಲಾಗಿನ್ ಮಾಡಿಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್‌ನ 2015ರ 7.0 ಆವೃತ್ತಿಯೇ ಡೀಫಾಲ್ಟ್ ಆಗಿ ನಿಲ್ಲಿಸಿತ್ತು; ಕೀ (ಪಾಸ್‌ವರ್ಡಿನ ಬದಲು ಗುರುತು ಸಾಬೀತುಪಡಿಸುವ ಗೂಢಲಿಪಿ ಕಡತ) ಇದ್ದರೂ ರೂಟ್ ಆಗಿ ನೇರ ಪ್ರವೇಶ ಬೇಡವೆಂದು ನಾನು ಸೇರಿಸಿದೆ. ಯಾರು ಬಂದರೆಂಬುದು ಲಾಗ್‌ನಲ್ಲಿ ಅವರವರ ಹೆಸರಿನಲ್ಲೇ ದಾಖಲಾಗಬೇಕು, ರೂಟ್ ಅಧಿಕಾರ ಪಡೆಯುವ ಸುಡೊ ಆದೇಶದ ಬಳಕೆ ಆಮೇಲಿನದು ಎಂಬುದು ನನ್ನ ನಿಲುವು.

ಬಳಿಕ ಮುಖ್ಯ ಕಾನ್ಫಿಗ್ ಕಡತದಲ್ಲಿ ಪಾಸ್‌ವರ್ಡ್ ಮೂಲಕ ಒಳಬಿಡುವ ‘ಪಾಸ್‌ವರ್ಡ್ ಅಥೆಂಟಿಕೇಶನ್’ ನಿಯಮದ ಎದುರು ‘ನೋ’ ಎಂದು ಬರೆದು, ಸೇವೆಯನ್ನು ರೀಸ್ಟಾರ್ಟ್ ಮಾಡಿ, ಪರೀಕ್ಷಿಸುವಂತೆ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಕೀ ಇಲ್ಲದ ಲ್ಯಾಪ್‌ಟಾಪಿನಿಂದ ಅವರು ಸಂಪರ್ಕಿಸಿದಾಗ ಸರ್ವರ್ ಪಾಸ್‌ವರ್ಡ್ ಕೇಳಿತು. ಕೊಟ್ಟೊಡನೆ ಒಳಗೂ ಬಿಟ್ಟಿತು. “ಸರ್, ಫೈಲ್ ಸೇವ್ ಆಗಿದೆಯಲ್ವಾ?” ಎಂದು ಅವರು ಸಂಕೋಚದಿಂದ ಕೇಳಿದರು.

ಸೇವ್ ಆಗಿತ್ತು. ಆದರೆ ಆ ಕಡತದ ಮೇಲ್ಭಾಗದಲ್ಲೇ ‘ಇನ್‌ಕ್ಲೂಡ್’ ಎಂಬ ಒಂದು ಸಾಲಿದೆ. ಅದರ ಪ್ರಕಾರ ಪಕ್ಕದ ಡೈರೆಕ್ಟರಿಯಲ್ಲಿರುವ ಸಣ್ಣ ಕಡತಗಳನ್ನು ಸರ್ವರ್ ಮೊದಲು ಓದುತ್ತದೆ. ಅಲ್ಲಿ, ಯಂತ್ರವನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಕ್ಲೌಡ್-ಇನಿಟ್ ಎಂಬ ತಂತ್ರಾಂಶ ಬರೆದಿಟ್ಟಿದ್ದ, 50 ಎಂಬ ಸಂಖ್ಯೆಯಿಂದ ಆರಂಭವಾಗುವ ಕಡತದಲ್ಲಿ ಅದೇ ನಿಯಮಕ್ಕೆ ‘ಯೆಸ್’ ಎಂದಿತ್ತು. ಎಷ್ಟೋ ತಂತ್ರಾಂಶಗಳಲ್ಲಿ ಕೊನೆಗೆ ಬರೆದದ್ದು ಗೆಲ್ಲುತ್ತದೆ. ಎಸ್‌ಎಸ್‌ಎಚ್ ಸರ್ವರಿನಲ್ಲಿ ಮೊದಲು ಸಿಕ್ಕ ಮೌಲ್ಯವೇ ಉಳಿಯುತ್ತದೆ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ, ನಾನು ಗಮನಿಸಿರಲಿಲ್ಲ.

ನನ್ನನ್ನು ನಿಜಕ್ಕೂ ಕಲಕಿದ್ದು ಬೇರೆ ವಿಷಯ. ಹಿಂದಿನ ವರ್ಷ ಎರಡು ಸರ್ವರ್‌ಗಳಲ್ಲಿ ಇದೇ ಸಾಲನ್ನು ಇದೇ ರೀತಿ ಬರೆದು, ಭದ್ರವಾಗಿದೆ ಎಂದು ವರದಿ ಕೊಟ್ಟಿದ್ದೆ. ಅವುಗಳ ಲಾಗ್ ತೆರೆದರೆ ರೂಟ್, ಅಡ್ಮಿನ್, ಟೆಸ್ಟ್, ಉಬುಂಟು ಎಂಬ ಹೆಸರುಗಳಲ್ಲಿ ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುವ ಯತ್ನಗಳು ಸಾಲುಗಟ್ಟಿದ್ದವು. ಯಶಸ್ವಿ ಲಾಗಿನ್‌ಗಳನ್ನು ಒಂದೊಂದಾಗಿ ನೋಡಿ, ಎಲ್ಲವೂ ನಮ್ಮವರದೇ ಎಂದು ಖಚಿತಪಡಿಸಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು.

ಆಮೇಲೆ ನಮ್ಮ ನಿಯಮಗಳನ್ನು, 50ರ ಕಡತಕ್ಕಿಂತ ಮೊದಲೇ ಓದುವಂತೆ, 01ರಿಂದ ಆರಂಭವಾಗುವ ಪ್ರತ್ಯೇಕ ಕಡತಕ್ಕೆ ಸಾಗಿಸಿದೆ. ಕೀಬೋರ್ಡ್-ಇಂಟರ್‌ಆ್ಯಕ್ಟಿವ್ ವಿಧಾನಕ್ಕೂ ಅಲ್ಲೇ ‘ನೋ’ ಎಂದು ಬರೆದೆ, ಏಕೆಂದರೆ ಬಳಕೆದಾರರ ಗುರುತು ಪರಿಶೀಲಿಸುವ ವ್ಯವಸ್ಥೆಯಾದ ಪ್ಯಾಮ್ ಮೂಲಕ ಅದೂ ಪಾಸ್‌ವರ್ಡನ್ನೇ ಕೇಳಬಹುದು. ಒಂದು ಸಂಪರ್ಕದಲ್ಲಿ ಅನುಮತಿಸುವ ಪ್ರಯತ್ನಗಳ ಡೀಫಾಲ್ಟ್ 6. ಅದನ್ನು 3ಕ್ಕೆ ಇಳಿಸುವ ಆಸೆಯಾಯಿತು. ಆದರೆ ಕೀಗಳನ್ನು ಒಂದೊಂದಾಗಿ ಸರ್ವರಿಗೆ ಒಡ್ಡಲು ನೆರವಾಗುವ ಏಜೆಂಟ್ ತಂತ್ರಾಂಶದಲ್ಲಿ ನಾಲ್ಕೈದು ಕೀ ಇಟ್ಟುಕೊಂಡಿರುವವರ ಸರಿಯಾದ ಕೀಯ ಸರದಿ ಬರುವ ಮೊದಲೇ ಸಂಪರ್ಕ ಕಡಿದುಹೋಗುತ್ತದೆಂದು ನೆನಪಾಗಿ, ಹಾಗೆಯೇ ಬಿಟ್ಟೆ. ಎಸ್‌ಎಸ್‌ಎಚ್ ಸಂಪರ್ಕ ಬರುವ ಡೀಫಾಲ್ಟ್ ಪೋರ್ಟ್ 22ನ್ನೂ ಬದಲಿಸಲಿಲ್ಲ. ಬದಲಿಸಿದರೆ ಲಾಗ್‌ನ ಗದ್ದಲ ತಗ್ಗೀತು, ಹುಡುಕುವವರಿಗೆ ಹೊಸ ಪೋರ್ಟ್ ಸಿಗುವುದೇನೂ ಕಷ್ಟವಲ್ಲ.

ಈ ಬಾರಿ ಕಡತವನ್ನು ನಂಬದೆ, ಎಸ್‌ಎಸ್‌ಎಚ್ ಸರ್ವರನ್ನು ನಡೆಸುವ ಎಸ್‌ಎಸ್‌ಎಚ್‌ಡಿ ಆದೇಶಕ್ಕೆ ದೊಡ್ಡಕ್ಷರದ ‘ಟಿ’ ಆಯ್ಕೆ ಕೊಟ್ಟು, ಎಲ್ಲ ಕಡತಗಳನ್ನೂ ಓದಿದ ಮೇಲೆ ಸರ್ವರ್ ಪಾಲಿಸುವ ನಿಯಮಗಳನ್ನೇ ಮುದ್ರಿಸಿ ನೋಡಿದೆ. ತೆರೆದಿದ್ದ ಒಂದು ಸೆಷನ್ ಅನ್ನು ಮುಚ್ಚದೆ ಇಟ್ಟುಕೊಂಡು, ಸೇವೆಯನ್ನು ರೀಸ್ಟಾರ್ಟ್ ಮಾಡಿದೆ. ಸಹೋದ್ಯೋಗಿ ಅದೇ ಲ್ಯಾಪ್‌ಟಾಪಿನಿಂದ ಮತ್ತೆ ಪ್ರಯತ್ನಿಸಿದರು. ಪಾಸ್‌ವರ್ಡ್ ಕೇಳದೆಯೇ ಸಂಪರ್ಕ ನಿರಾಕರಣೆಯಾಯಿತು. ಹಳೆಯ ಎರಡು ಸರ್ವರ್‌ಗಳಿಗೂ ಅದೇ ಕಡತ ಹಾಕಿ, ಅಲ್ಲಿಯೂ ಅವರಿಂದಲೇ ಪರೀಕ್ಷೆ ಮಾಡಿಸಿ, ನನ್ನ ಹಿಂದಿನ ವರದಿ ತಪ್ಪಾಗಿತ್ತೆಂದು ತಂಡಕ್ಕೆ ಬರೆದು ಕಳುಹಿಸಿದೆ.