ಬೆರಳಿಗಿಂತ ಮೊದಲು ಓಡುವ ಕಿವಿ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರ ಮೇ ತಿಂಗಳಲ್ಲಿ ಧ್ವನಿಮುದ್ರಿಸಿದ 'ಜಯಂಟ್ ಸ್ಟೆಪ್ಸ್' ಕೃತಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಚೆಗೆ ನನ್ನ ಕಿವಿ ಕಾಯುವುದು ಅವರ ಸ್ಯಾಕ್ಸೊಫೋನಿಗಿಂತ ಹೆಚ್ಚಾಗಿ, ಅದರ ಬೆನ್ನಿಗೇ ಬರುವ ಟಾಮಿ ಫ್ಲಾನಗನ್ ಅವರ ಪಿಯಾನೊಗಾಗಿ. ಜಾಝ್‌ನಲ್ಲಿ ಇಂಥ ಸರದಿಗಳನ್ನು ಬರೆದಿಟ್ಟುಕೊಳ್ಳದೆ, ಆ ಹೊತ್ತಿಗೆ ಹೊಳೆದಂತೆ ಕಟ್ಟಿ ನುಡಿಸುವುದು ವಾಡಿಕೆ. ಕೋಲ್ಟ್ರೇನ್ ಸ್ವರಗಳನ್ನು ಧಾರಾಕಾರವಾಗಿ ಸುರಿಸಿ ಹಿಂದೆ ಸರಿದ ಮೇಲೆ ಪಿಯಾನೊ ಧೈರ್ಯವಾಗಿಯೇ ಹೊರಡುತ್ತದೆ, ಸ್ವಲ್ಪ ದೂರ ಓಡುತ್ತದೆ, ಎಳೆ ತುಂಡಾಗಿ ನಡುನಡುವೆ ಮೌನ ಬೀಳುತ್ತದೆ, ಕೊನೆಗೆ ಹರಿವಿನ ಆಸೆಯನ್ನೇ ಬಿಟ್ಟು ಬರೀ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೊಳಗುವ ಸ್ವರಗುಚ್ಛಗಳನ್ನು, ಹಿಡಿದುಕೊಂಡು ದಾಟುತ್ತದೆ. ಫ್ಲಾನಗನ್ ಸಾಮಾನ್ಯ ವಾದಕರಲ್ಲ. ಅಂತಃಪ್ರಜ್ಞೆಯು ಹುಟ್ಟಿನಿಂದ ಬಂದ ವರವಷ್ಟೇ ಆಗಿದ್ದರೆ ಅದು ಅಂದು ಅವರ ಕೈಬಿಡಬಾರದಿತ್ತು.

ಆ ಕೃತಿಯಲ್ಲಿ ಸಮಾನ ಅಂತರದ ಮೂರು ಶ್ರುತಿಕೇಂದ್ರಗಳ (ಆಧಾರಸ್ವರಗಳ) ನಡುವೆ ಸಂಗೀತ ಸುತ್ತುತ್ತಿರುತ್ತದೆ. ಬಹುಪಾಲು ಕಡೆ ಎರಡು ಮಾತ್ರೆಗೊಮ್ಮೆ ಕಾರ್ಡ್ ಬದಲಾಗುತ್ತದೆ, ವೇಗವಂತೂ ವಿಪರೀತ. ಯೋಚಿಸಿ ಸ್ವರ ಆರಿಸುವಷ್ಟು ಹೊತ್ತು ಅಲ್ಲಿ ಯಾರಿಗೂ ಇಲ್ಲ. ಕೋಲ್ಟ್ರೇನ್ ಈ ದಾರಿಯನ್ನು ಮೊದಲೇ ತುಳಿದು ತುಳಿದು ಸವೆಸಿದ್ದರು. ಗಮನವಿಟ್ಟು ಕೇಳಿದರೆ ನಾಲ್ಕು ಸ್ವರಗಳ ಸಣ್ಣ ಪಲುಕೊಂದು ಅವರ ವಾದನದಲ್ಲಿ ಮತ್ತೆ ಮತ್ತೆ ಬರುವುದು ಗೊತ್ತಾಗುತ್ತದೆ. ನಮಗೆ ಆ ಕ್ಷಣದ ಹೊಳಹಾಗಿ ಕೇಳುವುದರಲ್ಲಿ ಬಹಳಷ್ಟು, ಬೆರಳುಗಳು ಮೊದಲೇ ಬಲ್ಲದ್ದು.

ಹಾಗೆಂದು ಎಲ್ಲವನ್ನೂ ಸಾಧನೆಯ ಲೆಕ್ಕಕ್ಕೆ ಬರೆದುಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಅದೇ ವರ್ಷದ ಮಾರ್ಚ್ 2ರಂದು, ಅದೇ ಕೋಲ್ಟ್ರೇನ್, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ 'ಸೋ ವಾಟ್' ನುಡಿಸಿದ್ದರು. ಅದರ ಮೂವತ್ತೆರಡು ಬಾರ್‌ಗಳಿಗೆ (ತಾಳದ ಆವರ್ತಗಳಿಗೆ) ಎರಡೇ ಸ್ವರಶ್ರೇಣಿಗಳು: ಮೊದಲ ಹದಿನಾರು ಬಾರ್ ಒಂದರಲ್ಲಿ, ಮುಂದಿನ ಎಂಟು ಅರ್ಧ ಸ್ವರ ಮೇಲೆ, ಕೊನೆಯ ಎಂಟು ಮತ್ತೆ ಮೊದಲಿನದರಲ್ಲೇ. ಇಲ್ಲಿ ಮುಂದಿನ ಸ್ವರ ಯಾವುದೆಂದು ಕಾರ್ಡ್ ಹೇಳಿಕೊಡುವುದಿಲ್ಲ. ಡೇವಿಸ್ ಒಂದು ಸ್ವರವನ್ನಿಟ್ಟು ಸುಮ್ಮನಾಗುತ್ತಾರೆ. ಆ ಮೌನ ಎಷ್ಟು ಹೊತ್ತು ತಾಳಬಲ್ಲದು ಎಂಬುದನ್ನು ಯಾವ ಸಾಧನೆಯೂ ಮುಂಚಿತವಾಗಿ ಕಲಿಸಲಾರದು, ಸುತ್ತಲಿನವರು ನುಡಿಸುತ್ತಿರುವುದನ್ನು ಕೇಳುತ್ತ ಕೇಳುತ್ತಲೇ ಅದನ್ನು ಕಂಡುಕೊಳ್ಳಬೇಕು. ಅಂತಃಪ್ರಜ್ಞೆ ಎಂದರೆ ನನಗೆ ಮುಖ್ಯವಾಗಿ ಈ ಕೇಳ್ಮೆಯೇ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಬರೆದಿಟ್ಟದ್ದನ್ನು ಒಪ್ಪಿಸುವ ಕಲೆ ಎಂದುಕೊಳ್ಳುವವರು ಜರ್ಮನ್ ಸಂಗೀತಕಾರ ಬಾಖ್‌ನನ್ನು ನೆನೆಯಬೇಕು. 1747ರ ಮೇ ತಿಂಗಳಲ್ಲಿ ಪಾಟ್ಸ್‌ಡ್ಯಾಮ್‌ನ ಅರಮನೆಯಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಕೊಟ್ಟ ಕಷ್ಟದ ಸ್ವರಪಂಕ್ತಿಯನ್ನು ಹಿಡಿದು ಅವನು ನಿಂತ ನಿಲುವಿನಲ್ಲೇ, ಒಂದೇ ಪಂಕ್ತಿಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗ್ ಎಂಬ ರಚನೆಯನ್ನು ಕಟ್ಟಿ ನುಡಿಸಿದ. ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಸಂಗತಿ. ಅದೇ ವರ್ಷ ದೊರೆಗೆ ಅರ್ಪಿಸಿ ಅಚ್ಚು ಹಾಕಿಸಿದ 'ಮ್ಯೂಸಿಕಲ್ ಆಫರಿಂಗ್'ನ ಅರ್ಪಣೆಯಲ್ಲಿ, ತಕ್ಕ ಸಿದ್ಧತೆಯಿಲ್ಲದ್ದರಿಂದ ಅಂದಿನ ವಾದನ ಆ ಸ್ವರಪಂಕ್ತಿಯ ಯೋಗ್ಯತೆಗೆ ಸರಿಗಟ್ಟಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಆರು ದನಿಗಳ ಫ್ಯೂಗ್ ಅನ್ನು ಅವನು ಮನೆಗೆ ಹೋಗಿ, ಕೂತು, ಬರೆದ. ತತ್‌ಕ್ಷಣಕ್ಕೆ ಹೊಳೆದದ್ದು ಎಲ್ಲಿಯವರೆಗೆ ಸಾಕು, ಎಲ್ಲಿಂದಾಚೆ ಸಾಲದು ಎಂದು ತಿಳಿಯುವುದೂ ಅದೇ ಪ್ರಜ್ಞೆಯ ಕೆಲಸವೆಂದು ನಾನು ನಂಬುತ್ತೇನೆ.

ಫ್ಲಾನಗನ್ 1982ರಲ್ಲಿ, ಕೋಲ್ಟ್ರೇನ್ ತೀರಿಕೊಂಡು ಸುಮಾರು ಹದಿನೈದು ವರ್ಷಗಳಾದ ಮೇಲೆ, ಅವರ ನೆನಪಿಗೆಂದು ತಮ್ಮದೇ ಧ್ವನಿಮುದ್ರಿಕೆಯಲ್ಲಿ 'ಜಯಂಟ್ ಸ್ಟೆಪ್ಸ್' ಅನ್ನು ಮತ್ತೆ ನುಡಿಸಿದರು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಹಿಂದೆ ತುಂಡಾಗಿದ್ದ ಎಳೆ ಈ ಸಲ ಎಲ್ಲೂ ಕಡಿಯದೆ, ಅವಸರವಿಲ್ಲದೆ, ಆ ಮೂರು ಶ್ರುತಿಗಳ ಸುತ್ತ ಹಾಡುತ್ತ ಹೋಗುತ್ತದೆ.